ಬೆಂಗಳೂರಿನ ಎಎ ಮೀಟಿಂಗ್‌ಗಳು: ಹೆಂಗಸರು ಹೋಗಬಹುದೇ ಎಂದು ಕೇಳುವವರಿಗೆ

ಹೋಗಬಹುದು. ಹೋಗಲೇಬೇಕು ಎಂದೂ ಹೇಳುತ್ತೇನೆ. ಆದರೆ ಯಾವ ಮೀಟಿಂಗಿಗೆ, ಯಾರನ್ನು ವಿಚಾರಿಸಿಕೊಂಡು, ಯಾವ ಹೊತ್ತಿಗೆ ಹೋಗುತ್ತೀರಿ ಎಂಬುದು ಗಂಡಸರಿಗಿಂತ ನಮಗೆ ಹೆಚ್ಚು ಮುಖ್ಯವಾಗುತ್ತದೆ. ಅದಕ್ಕಾಗಿಯೇ ಇಷ್ಟು ಉದ್ದದ ಬರಹ.

ಆಲ್ಕೊಹಾಲಿಕ್ಸ್ ಅನಾನಿಮಸ್ ಬಗ್ಗೆ, ಅಂದರೆ ಕುಡಿತ ಬಿಡಲು ಮದ್ಯವ್ಯಸನಿಗಳೇ ಸೇರಿ ಒಬ್ಬರಿಗೊಬ್ಬರು ನೆರವಾಗುವ, ಎಲ್ಲರ ಬಾಯಲ್ಲಿರುವ ಎಎ ಬಗ್ಗೆ, ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದ ಬರಹಗಳೆಲ್ಲ ಗಂಡಸರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಕುಡಿಯುವವನು ಗಂಡ, ಅಳುವವಳು ಹೆಂಡತಿ. ಕುಡಿಯುವವಳೇ ಹೆಂಡತಿಯಾದರೆ ಅವಳು ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಅಲ್ಲಿ ಒಂದು ಸಾಲೂ ಇರಲಿಲ್ಲ. ನಾನು ಬೆಂಗಳೂರಿನ ಪಶ್ಚಿಮ ಭಾಗದಲ್ಲಿರುವವಳು, ಖಾಸಗಿ ಕಾಲೇಜೊಂದರ ಲೆಕ್ಕಪತ್ರ ವಿಭಾಗದಲ್ಲಿ ಕೆಲಸ, ಪಿಯುಸಿ ಓದುವ ಮಗಳಿದ್ದಾಳೆ. ಮದ್ಯವ್ಯಸನಿ. ಕೆಲವು ವರ್ಷಗಳಿಂದ ಕುಡಿದಿಲ್ಲ. ಹೆಸರು ಬರೆಯುವುದಿಲ್ಲ, ಸದಸ್ಯರು ತಮ್ಮ ಹೆಸರನ್ನು ಸಾರ್ವಜನಿಕ ಮಾಧ್ಯಮದಲ್ಲಿ ಹೇಳಿಕೊಳ್ಳಬಾರದು ಎಂಬುದು ಎಎಯ ಹನ್ನೆರಡು ಸಂಪ್ರದಾಯಗಳಲ್ಲಿ ಒಂದು. ಹಾಗೆಯೇ ಮೀಟಿಂಗಿನಲ್ಲಿ ಬೇರೆಯವರು ಹೇಳಿಕೊಂಡ ಕಥೆಗಳನ್ನೂ ಇಲ್ಲಿ ಬರೆಯುವುದಿಲ್ಲ. ಆ ಕೋಣೆಯ ಮಾತು ಆ ಕೋಣೆಯಲ್ಲೇ ಉಳಿಯಬೇಕು.

ಮೀಟಿಂಗಿನ ವಿಷಯಕ್ಕೆ ಬರುವ ಮೊದಲು ಒಂದು ಮಾತು. ದಿನವೂ ಕುಡಿಯುತ್ತಿದ್ದವರು, ಬೆಳಗ್ಗೆ ಕೈ ನಡುಗಿದರೆ ಒಂದು ಗುಟುಕು ಬೇಕೇ ಬೇಕು ಎನ್ನುವ ಹಂತಕ್ಕೆ ಬಂದವರು ಮನೆಯಲ್ಲಿ ಕುಳಿತು ಒಮ್ಮೆಲೇ ಬಿಡಬಾರದು. ಬಿಟ್ಟ ಮೊದಲ ಎರಡು ಮೂರು ದಿನಗಳಲ್ಲಿ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಿ ಇಲ್ಲದ್ದು ಕೇಳಿಸಿ ಬುದ್ಧಿ ಕದಡಬಹುದು, ಪ್ರಾಣಕ್ಕೇ ಅಪಾಯವಾಗಬಹುದು. ಇದಕ್ಕೆ ಮಾತ್ರೆಗಳಿವೆ, ಬಿ1 ಜೀವಸತ್ವದ ಚುಚ್ಚುಮದ್ದಿದೆ, ವೈದ್ಯರು ಕೊಡುತ್ತಾರೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರವೂ ಹೋಗಬಹುದು. ಎಎ ಆಸ್ಪತ್ರೆಯಲ್ಲ, ಅಲ್ಲಿ ವೈದ್ಯರಿರುವುದಿಲ್ಲ, ಔಷಧ ಕೊಡುವುದಿಲ್ಲ. ನಾನು ಆಸ್ಪತ್ರೆಯಿಂದ ಮೀಟಿಂಗಿಗೆ ಹೋದವಳು. ಆ ಕ್ರಮವೇ ಸರಿ ಎಂದು ಈಗಲೂ ನಂಬುತ್ತೇನೆ. ಮಾತ್ರೆಗಳು ಮೈಯ ನಡುಕವನ್ನು ನಿಲ್ಲಿಸಿದವು. ಸಂಜೆ ಆರು ಗಂಟೆಗೆ, ಅಡುಗೆಮನೆಯ ದೀಪ ಹಾಕಿದ ಕೂಡಲೇ ಬರುತ್ತಿದ್ದ ಆ ಸೆಳೆತಕ್ಕೆ ಮಾತ್ರೆ ಇರಲಿಲ್ಲ.

ಅಡುಗೆಮನೆ ಎಂದೆ. ಹೆಂಗಸಿನ ಕುಡಿತ ನಡೆಯುವುದು ಅಲ್ಲೇ. ಗಂಡಸಿಗೆ ಬಾರ್ ಇದೆ, ಜೊತೆಗಾರರಿದ್ದಾರೆ, ರಸ್ತೆಯಲ್ಲಿ ತೂರಾಡಿದರೆ ನಾಲ್ಕು ಜನ ನೋಡುತ್ತಾರೆ, ಮನೆಗೆ ದೂರು ಬರುತ್ತದೆ. ನನ್ನದು ತೊಂಬತ್ತು ಮಿಲಿಲೀಟರಿನ ಟೆಟ್ರಾ ಪ್ಯಾಕ್. ಗಾಜಿನ ಬಾಟಲಿಯಾದರೆ ಡಬ್ಬಕ್ಕೆ ತಗುಲಿ ಸದ್ದಾಗುತ್ತದೆ. ಟೆಟ್ರಾ ಪ್ಯಾಕ್ ರಾಗಿ ಹಿಟ್ಟಿನ ಡಬ್ಬದ ಹಿಂದೆ ತಣ್ಣಗೆ ಕುಳಿತಿರುತ್ತದೆ. ಖಾಲಿಯಾದ ಮೇಲೆ ಮಡಿಚಿ, ಹಾಲಿನ ಕವರಿನೊಳಗೆ ತುರುಕಿ, ಒಣಕಸಕ್ಕೆ ಹಾಕಿದರೆ ಯಾರಿಗೂ ತಿಳಿಯುವುದಿಲ್ಲ. ಇದನ್ನು ಬರೆಯುತ್ತಿರುವುದು ಓದುತ್ತಿರುವ ಯಾರೋ ಒಬ್ಬರಿಗೆ ತಮ್ಮ ಮನೆಯ ಡಬ್ಬ ನೆನಪಾಗಲಿ ಎಂದು. ನಿಮ್ಮೊಬ್ಬರದೇ ಅಲ್ಲ ತಾಯಿ, ನನ್ನದೂ ಹಾಗೆಯೇ ಇತ್ತು.

ಇನ್ನು ಹುಡುಕುವ ಕೆಲಸ. ಎಎ ಇಂಡಿಯಾದ ಜಾಲತಾಣದಲ್ಲಿ ಗುಂಪುಗಳ ವಿವರವೂ ಸಹಾಯವಾಣಿಯೂ ಸಿಗುತ್ತವೆ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಎರಡಕ್ಕೂ ದುಡ್ಡಿಲ್ಲ. ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಆದರೆ ಎಲ್ಲೆಲ್ಲೋ ನಕಲಾಗಿ ಹರಿದಾಡುವ ಹಳೆಯ ಪಟ್ಟಿಗಳನ್ನು ನಂಬಿ ಹೊರಡಬೇಡಿ. ಗುಂಪುಗಳು ಜಾಗ ಬದಲಿಸುತ್ತವೆ, ವಾರ ಬದಲಿಸುತ್ತವೆ. ಗೇಟಿಗೆ ಬೀಗ ಬಿದ್ದಿರುವ ಕಟ್ಟಡದ ಮುಂದೆ ಕತ್ತಲಲ್ಲಿ ನಿಂತ ಹೆಂಗಸು ಮನೆಗೆ ಹೋಗುವ ದಾರಿಯಲ್ಲಿ ಏನು ಮಾಡುತ್ತಾಳೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಮೊದಲು ಫೋನ್ ಮಾಡಿ. ಎಎ ಸಹಾಯವಾಣಿಯಲ್ಲಿ ಫೋನ್ ಎತ್ತುವವರು ಕುಡಿತ ಬಿಟ್ಟ ಸದಸ್ಯರೇ. ನನ್ನ ಫೋನ್ ಎತ್ತಿದವರು, ನಾನು ಮಾತನಾಡಲಾಗದೆ ಸುಮ್ಮನಿದ್ದಾಗ, "ಪರವಾಗಿಲ್ಲಮ್ಮ, ನಿಧಾನವಾಗಿ ಹೇಳಿ, ನಾನೂ ಒಂದು ದಿನ ಹೀಗೇ ಫೋನ್ ಹಿಡಿದುಕೊಂಡು ಕುಳಿತಿದ್ದೆ" ಎಂದರು. ಹೆಸರು ಕೇಳಲಿಲ್ಲ, ಎಷ್ಟು ಕುಡಿಯುತ್ತೀರಿ ಎಂದು ಕೇಳಲಿಲ್ಲ. ಯಾವ ಕಡೆಯವರು, ಕನ್ನಡದ ಮೀಟಿಂಗ್ ಬೇಕೇ ಎಂದಷ್ಟೇ ಕೇಳಿದರು. ನೀವೂ ಮೂರು ವಿಷಯ ತಪ್ಪದೆ ಕೇಳಿಕೊಳ್ಳಿ: ಭಾಷೆ ಯಾವುದು, ಆ ಗುಂಪಿಗೆ ಹೆಂಗಸರು ಬರುತ್ತಾರೆಯೇ, ಓಪನ್ ಮೀಟಿಂಗೋ ಕ್ಲೋಸ್ಡ್ ಮೀಟಿಂಗೋ. ಓಪನ್ ಮೀಟಿಂಗಿಗೆ ಅಕ್ಕನನ್ನೋ ಗೆಳತಿಯನ್ನೋ ಜೊತೆಗೆ ಕರೆದುಕೊಂಡು ಹೋಗಬಹುದು. ಕ್ಲೋಸ್ಡ್ ಮೀಟಿಂಗ್ ಕುಡಿತ ಬಿಡಬೇಕು ಎನ್ನುವವರಿಗೆ ಮಾತ್ರ. ಹೆಂಗಸರ ಜೊತೆ ಮಾತನಾಡಬೇಕು ಎಂದು ಬಾಯಿಬಿಟ್ಟು ಕೇಳಿ; ಒಬ್ಬ ಮಹಿಳಾ ಸದಸ್ಯೆಯೇ ನಿಮಗೆ ಫೋನ್ ಮಾಡುವಂತೆ ಮಾಡುತ್ತಾರೆ. ನನಗೆ ಮಾಡಿದರು. ಅವರೇ ಮೊದಲ ದಿನ ಗೇಟಿನ ಬಳಿ ಕಾದು ನಿಂತಿದ್ದರು.

ಆ ಮೀಟಿಂಗ್ ಇದ್ದದ್ದು ಒಂದು ಚರ್ಚಿನ ಆವರಣದ ಶಾಲೆಯಲ್ಲಿ. ಬಾಡಿಗೆ ಕಡಿಮೆ, ಸಂಜೆ ಕೋಣೆ ಖಾಲಿ ಇರುತ್ತದೆ ಎಂಬ ಕಾರಣಕ್ಕೆ ಎಷ್ಟೋ ಗುಂಪುಗಳು ಇಂಥ ಕಡೆ ಸೇರುತ್ತವೆ. ಮತಾಂತರದ ಭಯ ಇಟ್ಟುಕೊಳ್ಳಬೇಡಿ. ಎಎ ಯಾವ ಧರ್ಮಕ್ಕೂ ಪಕ್ಷಕ್ಕೂ ಸಂಸ್ಥೆಗೂ ಸೇರಿದ್ದಲ್ಲ ಎಂದು ಪ್ರತಿ ಮೀಟಿಂಗಿನ ಆರಂಭದಲ್ಲಿ ಓದುತ್ತಾರೆ. ನನ್ನ ಪಕ್ಕದಲ್ಲಿ ಕುಳಿತಿದ್ದವರ ಹಣೆಯ ಮೇಲೆ ವಿಭೂತಿ ಇತ್ತು, ಎದುರಿಗಿದ್ದವರು ನಮಾಜು ಮುಗಿಸಿ ಟೋಪಿಯಲ್ಲೇ ಬಂದಿದ್ದರು. ಒಂದನೆಯ ತರಗತಿಯ ಮಕ್ಕಳ ಬೆಂಚು. ಮಂಡಿ ಎದೆಗೆ ತಗಲುವಷ್ಟು ಗಿಡ್ಡ. ಕಪ್ಪುಹಲಗೆಯ ಮೇಲೆ ಅಂದಿನ ಪಾಠದ ಕಾಗುಣಿತ ಅಳಿಸದೆ ಉಳಿದಿತ್ತು. ಅದರ ಪಕ್ಕದಲ್ಲಿ ಮೊಳೆಗೆ ಎರಡು ಬಟ್ಟೆಯ ಬ್ಯಾನರುಗಳನ್ನು ನೇತುಹಾಕಿದರು, ಒಂದರಲ್ಲಿ ಕುಡಿತದಿಂದ ಹೊರಬರಲು ಸದಸ್ಯರು ಇಡುವ ಹನ್ನೆರಡು ಹೆಜ್ಜೆಗಳು, ಇನ್ನೊಂದರಲ್ಲಿ ಗುಂಪುಗಳು ನಡೆಯಬೇಕಾದ ರೀತಿಯನ್ನು ಹೇಳುವ ಹನ್ನೆರಡು ಸಂಪ್ರದಾಯಗಳು. ಮಾತು ಶುರುವಾಗುವ ಮುನ್ನ ಒಬ್ಬರು ಎದ್ದು ಫ್ಯಾನ್ ಆರಿಸಿದರು. ಸೆಕೆಯಿತ್ತು, ಯಾಕೆ ಎಂದು ತಿಳಿಯಲಿಲ್ಲ. ಆಮೇಲೆ ತಿಳಿಯಿತು: ಹೊಸಬರು ತುಂಬ ಮೆಲ್ಲಗೆ ಮಾತನಾಡುತ್ತಾರೆ, ಫ್ಯಾನಿನ ಸದ್ದಿಗೆ ಕೇಳಿಸುವುದಿಲ್ಲ.

ನಡೆಯುವ ಕ್ರಮ ಸರಳ. ಒಂದು ನಿಮಿಷ ಮೌನ, ಪೀಠಿಕೆಯ ಓದು, ಆಮೇಲೆ ಒಬ್ಬೊಬ್ಬರಾಗಿ ಶೇರಿಂಗ್. ಕುಡಿತ ತಂದದ್ದೇನು, ಬಿಟ್ಟದ್ದು ಹೇಗೆ, ಇವತ್ತು ಹೇಗಿದ್ದೇನೆ. ಯಾರೂ ನಡುವೆ ಬಾಯಿ ಹಾಕುವಂತಿಲ್ಲ, ಉಪದೇಶ ಮಾಡುವಂತಿಲ್ಲ. ಸುಮಾರು ಒಂದೂವರೆ ಗಂಟೆ. ಮಾತನಾಡಲೇಬೇಕು ಎಂಬ ಬಲವಂತ ಇಲ್ಲ. ನಾನು ಬಹಳ ವಾರ ಕೇಳುತ್ತ ಕುಳಿತಿದ್ದೆ. ಕೊನೆಗೆ ಪ್ರಾರ್ಥನೆ: ಬದಲಿಸಲಾಗದ್ದನ್ನು ಒಪ್ಪಿಕೊಳ್ಳುವ ನೆಮ್ಮದಿ, ಬದಲಿಸಬಹುದಾದದ್ದನ್ನು ಬದಲಿಸುವ ಧೈರ್ಯ, ಎರಡರ ನಡುವಿನ ವ್ಯತ್ಯಾಸ ತಿಳಿಯುವ ವಿವೇಕ ಕೊಡು ಎಂಬುದು. ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ, ಆದರೆ "ನಾವು ಅರಿತುಕೊಂಡಂತೆ" ಎಂಬ ಮಾತನ್ನು ಜೊತೆಗೇ ಸೇರಿಸಿದ್ದಾರೆ. ದೇವರನ್ನು ನಂಬದ ಹಿರಿಯ ಸದಸ್ಯರೊಬ್ಬರು ಈ ಗುಂಪೇ ತನಗಿಂತ ದೊಡ್ಡ ಶಕ್ತಿ ಎಂದುಕೊಂಡು ನಡೆಯುತ್ತಾರೆ. ಅಷ್ಟೂ ಬೇಡ ಎನ್ನುವವರಿಗೆ ಸ್ಮಾರ್ಟ್ ರಿಕವರಿ ಎಂಬ ಬೇರೆ ದಾರಿಯಿದೆ, ಆನ್‌ಲೈನ್‌ನಲ್ಲಿ ಇಂಗ್ಲಿಷಿನ ಮೀಟಿಂಗ್‌ಗಳು ಸಿಗುತ್ತವೆ.

ಹಣದ ವಿಷಯದಲ್ಲಿ ಲೆಕ್ಕಪತ್ರದವಳಾದ ನನಗೆ ಇಷ್ಟು ಅಚ್ಚುಕಟ್ಟಾದ ಸಂಸ್ಥೆ ಬೇರೆ ಕಂಡಿಲ್ಲ. ಶುಲ್ಕವಿಲ್ಲ, ನೋಂದಣಿ ಇಲ್ಲ. ಮೀಟಿಂಗಿನ ನಡುವೆ ಒಂದು ಬಟ್ಟೆಯ ಚೀಲ ಕೈಯಿಂದ ಕೈಗೆ ಹೋಗುತ್ತದೆ, ಇದ್ದವರು ಹಾಕುತ್ತಾರೆ, ಇಲ್ಲದವರು ಮುಂದಕ್ಕೆ ಕೊಡುತ್ತಾರೆ. ಹೊಸಬರು ಹಾಕುವುದು ಬೇಡ ಎನ್ನುತ್ತಾರೆ. ಬಾಡಿಗೆ, ಚಹಾ, ಪುಸ್ತಕ ಎಲ್ಲ ಅದರಿಂದಲೇ. ಹೊರಗಿನವರ ದೇಣಿಗೆ ಪಡೆಯುವುದಿಲ್ಲ. ನಮ್ಮ ನೆಂಟರೊಬ್ಬರನ್ನು ಮನೆಯವರು ಲಕ್ಷಗಟ್ಟಲೆ ಕಟ್ಟಿ ಖಾಸಗಿ ಪುನರ್ವಸತಿ ಕೇಂದ್ರವೊಂದಕ್ಕೆ ಸೇರಿಸಿದ್ದರು. ತಿಂಗಳುಗಟ್ಟಲೆ ಬೀಗದೊಳಗಿದ್ದು ಬಂದು, ಬಂದ ವಾರವೇ ಮತ್ತೆ ಶುರು ಮಾಡಿದರು. ಹೊರಬಂದ ಮೇಲೆ ದಿನವೂ ಹೋಗಿ ಕುಳಿತುಕೊಳ್ಳುವ ಜಾಗ ಅವರಿಗೆ ಯಾರೂ ತೋರಿಸಿರಲಿಲ್ಲ.

ಈಗ ಕಷ್ಟದ ಭಾಗ. ಕೋಣೆಯಲ್ಲಿ ಹೆಂಗಸರು ತೀರ ಕಡಿಮೆ. ನನ್ನನ್ನು ಕರೆದೊಯ್ದ ಆ ಅಕ್ಕ ಬಾರದ ದಿನ ನಾನೊಬ್ಬಳೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ದಾಟಿದ ಗಂಡಸರಲ್ಲಿ ಶೇ 18.8, ಹೆಂಗಸರಲ್ಲಿ ಶೇ 1.3 ಮಂದಿ ಮದ್ಯ ಸೇವಿಸುತ್ತಾರೆ. ಮನೆಬಾಗಿಲಿಗೆ ಬಂದು ಕೇಳಿದವರಿಗೆ ಎಷ್ಟು ಹೆಂಗಸರು ಹೌದೆಂದು ಹೇಳಿಯಾರು? ನನ್ನನ್ನು ಕೇಳಿದ್ದರೆ ನಾನು ಹೇಳುತ್ತಿರಲಿಲ್ಲ. ಹೆಂಗಸರ ಮೈಯಲ್ಲಿ ನೀರಿನಂಶ ಕಡಿಮೆ, ಹಾಗಾಗಿ ಅಷ್ಟೇ ಕುಡಿದರೂ ರಕ್ತದಲ್ಲಿ ಮದ್ಯದ ಪ್ರಮಾಣ ಹೆಚ್ಚು, ಯಕೃತ್ತು ಬೇಗ ಕೆಡುತ್ತದೆ. ಅಂದರೆ ನಮಗೆ ಸಮಯ ಕಡಿಮೆ, ಬರುವುದು ಮಾತ್ರ ಗಂಡಸರಿಗಿಂತ ತಡ.

ಗಂಡಸರು ಹೇಗೆ ನಡೆದುಕೊಳ್ಳುತ್ತಾರೆ ಎಂದು ಎಲ್ಲರೂ ಕೇಳುತ್ತಾರೆ. ನಾನು ಹೋದ ಗುಂಪುಗಳಲ್ಲಿ ಮರ್ಯಾದೆಗೆ ಕೊರತೆಯಾಗಿಲ್ಲ. ಒಮ್ಮೆ ವಯಸ್ಸಾದವರೊಬ್ಬರು ನನ್ನ ಶೇರಿಂಗ್ ಮುಗಿದ ಕೂಡಲೇ ತಾಯಿಯ ಕರ್ತವ್ಯದ ಬಗ್ಗೆ ಮಾತು ಎತ್ತಿದರು. ಮೀಟಿಂಗ್ ನಡೆಸುತ್ತಿದ್ದವರು, ಆಟೊ ಓಡಿಸುವ ಯುವಕ, "ಅಣ್ಣಾ, ನಿಮ್ಮ ವಿಷಯ ಹೇಳಿ" ಎಂದು ಅಲ್ಲಿಗೇ ತಡೆದರು. ಹಿರಿಯರು ಕೈಮುಗಿದು, ತಮ್ಮ ವಿಷಯವನ್ನೇ ಹೇಳಿದರು. ನಾನು ಈ ವ್ಯವಸ್ಥೆಯನ್ನು ನಂಬಿದ್ದು ಆ ದಿನದಿಂದ. ಆದರೂ ಎಚ್ಚರ ಬೇಕು. ಮಾರ್ಗದರ್ಶನಕ್ಕೆಂದು ಸ್ಪಾನ್ಸರ್ ಆರಿಸಿಕೊಳ್ಳುವಾಗ ಹೆಂಗಸರು ಹೆಂಗಸರನ್ನೇ ಆರಿಸಿಕೊಳ್ಳಿ ಎಂಬುದು ಎಎಯಲ್ಲಿ ಹಳೆಯ ಸಲಹೆ. ಅದನ್ನು ಪಾಲಿಸಿ. ಮೊಬೈಲ್ ಸಂಖ್ಯೆಯನ್ನು ಮೊದಲ ದಿನವೇ ಎಲ್ಲರಿಗೂ ಕೊಡಬೇಕಾಗಿಲ್ಲ. ಮನೆಗೆ ಬಿಡುತ್ತೇನೆ ಎಂದವರಿಗೆ ಬೇಡ ಎನ್ನಲು ಸಂಕೋಚ ಪಡಬೇಡಿ.

ಹೆಂಗಸರು ಮೊದಲಿನಿಂದಲೂ ಇದ್ದಾರೆ ಎಂಬುದು ನನಗೆ ಬಲ ಕೊಟ್ಟಿತು. ಎಎ ಶುರುವಾದದ್ದು 1935ರಲ್ಲಿ, ಅಮೆರಿಕದ ಓಹಾಯೊ ರಾಜ್ಯದ ಆಕ್ರನ್‌ನಲ್ಲಿ, ಒಬ್ಬ ಷೇರು ದಲ್ಲಾಳಿ ಮತ್ತು ಒಬ್ಬ ಶಸ್ತ್ರವೈದ್ಯ ಸೇರಿ. 1939ರಲ್ಲಿ ಮಾರ್ಟಿ ಮ್ಯಾನ್ ಎಂಬಾಕೆ ಬ್ರೂಕ್ಲಿನ್‌ನ ಒಂದು ಮನೆಯಲ್ಲಿ ನಡೆಯುತ್ತಿದ್ದ ಮೀಟಿಂಗಿಗೆ ಹೋದರು, ಸುತ್ತ ಗಂಡಸರೇ. 1944ರಲ್ಲಿ ಅವರು, ವ್ಯಸನ ಒಂದು ಕಾಯಿಲೆ, ವ್ಯಸನಿಗೆ ನೆರವು ಕೊಡಬಹುದು ಎಂದು ಜನರಿಗೆ ತಿಳಿಸುವುದಕ್ಕಾಗಿಯೇ ಒಂದು ಸಮಿತಿ ಕಟ್ಟಿದರು. ಕೋಣೆಯಲ್ಲಿ ಒಬ್ಬಳೇ ಆದಾಗ ನಾನು ಆಕೆಯನ್ನು ನೆನೆಯುತ್ತಿದ್ದೆ.

ಭಾಷೆಯ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾದದ್ದು. ಬೆಂಗಳೂರಿನಲ್ಲಿ ಇಂಗ್ಲಿಷ್, ಕನ್ನಡ, ತಮಿಳು ಮೀಟಿಂಗ್‌ಗಳಿವೆ. ವಿದ್ಯಾವಂತ ಹೆಂಗಸು ಎಂದು ಕಂಡರೆ ಇಂಗ್ಲಿಷ್ ಗುಂಪಿಗೆ ಹೋಗಿ, ಅಲ್ಲಿ ನಿಮ್ಮಂಥವರು ಇರುತ್ತಾರೆ ಎಂದು ಹೇಳುವವರಿದ್ದಾರೆ. ಹೋದೆ. ಒಳ್ಳೆಯವರು, ಸಮಯಪಾಲನೆ ಇದೆ, ಹೆಂಗಸರ ಸಂಖ್ಯೆಯೂ ತುಸು ಹೆಚ್ಚು. ಆದರೆ ಇಂಗ್ಲಿಷಿನಲ್ಲಿ ನನ್ನ ಕುಡಿತ ಒಂದು ವರದಿಯಂತೆ ಹೊರಬರುತ್ತಿತ್ತು. ವ್ಯಾಕರಣ ಸರಿಯಾಗಿರುತ್ತಿತ್ತು, ಎದೆಯೊಳಗಿನದು ಅಲ್ಲೇ ಉಳಿಯುತ್ತಿತ್ತು. ಕನ್ನಡದ ಕೋಣೆಯಲ್ಲಿ, ಗಾರೆ ಕೆಲಸದವರು, ಬ್ಯಾಂಕಿನವರು, ತರಕಾರಿ ಮಾರುವವರು ಒಂದೇ ಬೆಂಚಿನಲ್ಲಿ ಕುಳಿತಿದ್ದಾಗ, ಮಗಳು ನನ್ನ ಬಾಯಿಯ ವಾಸನೆ ನೋಡಿ ಊಟದ ತಟ್ಟೆ ಎತ್ತಿಕೊಂಡು ಕೋಣೆಗೆ ಹೋಗುತ್ತಿದ್ದುದನ್ನು ಹೇಳಿದೆ. ಅದು ಅಲ್ಲಿ ಮಾತ್ರ ಹೇಳಲು ಬಂತು. ಹತ್ತಿರದ ಇಂಗ್ಲಿಷ್ ಮೀಟಿಂಗಿಗಿಂತ ಎರಡು ಬಸ್ ಬದಲಿಸಿ ಹೋಗುವ ಕನ್ನಡದ ಮೀಟಿಂಗ್ ಮೇಲು. ಇಂಗ್ಲಿಷಿನಲ್ಲೇ ಅಳುವವರಿಗೆ ಇಂಗ್ಲಿಷೇ ಸರಿ.

ಮುಗಿದ ಮೇಲೆ ಚಹಾ ಕುಡಿಯದೆ ಹೊರಡಬೇಡಿ. ಸ್ಟೀಲ್ ಫ್ಲಾಸ್ಕಿನಿಂದ ಕಾಗದದ ಲೋಟಕ್ಕೆ ಬಗ್ಗಿಸಿಕೊಡುವ ಆ ಚಹಾದ ಹೊತ್ತಿನಲ್ಲೇ ಬೇಕಾದ ಮಾತುಗಳು ಸಿಗುತ್ತವೆ. ಸಂಜೆ ಆರರ ಸೆಳೆತಕ್ಕೆ ಏನು ಮಾಡುವುದು ಎಂದು ಕೇಳಿದಾಗ ಆ ಅಕ್ಕ, "ಐದೂವರೆಗೇ ಹೊಟ್ಟೆ ತುಂಬ ಏನಾದರೂ ತಿನ್ನು, ಆಮೇಲೆ ನನಗೆ ಫೋನ್ ಮಾಡು" ಎಂದರು. ಹಸಿವು, ಸಿಟ್ಟು, ಒಂಟಿತನ, ದಣಿವು, ಈ ನಾಲ್ಕನ್ನು ಏರಲು ಬಿಡಬೇಡ ಎಂಬುದು ಎಎಯವರು ಸದಾ ಹೇಳುವ ಮಾತು. ಆ ಅಕ್ಕ ಅದನ್ನು ಉಪ್ಪಿಟ್ಟಿನ ಮಟ್ಟಕ್ಕೆ ಇಳಿಸಿ ಹೇಳಿಕೊಟ್ಟರು.

2020ರ ಲಾಕ್‌ಡೌನ್‌ನಲ್ಲಿ ಮೀಟಿಂಗ್‌ಗಳು ಜೂಮ್‌ಗೆ ಬಂದವು, ಇಂದಿಗೂ ಎಷ್ಟೋ ಉಳಿದುಕೊಂಡಿವೆ. ಹೆಂಗಸರಿಗೆಂದೇ ನಡೆಯುವ ಆನ್‌ಲೈನ್ ಮೀಟಿಂಗ್‌ಗಳೂ ಇವೆ. ಮನೆ ಬಿಟ್ಟು ಹೊರಬರಲಾಗದವರಿಗೆ, ಸಣ್ಣ ಊರಿನಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತಿರುವವರಿಗೆ ಇದು ವರವೇ ಸರಿ. ಕ್ಯಾಮೆರಾ ಆರಿಸಿ ಕೇಳುತ್ತ ಕೂರಬಹುದು. ಆದರೆ ಕೇಳುತ್ತಲೇ ಅನ್ನಕ್ಕಿಡುವುದು, ಬಟ್ಟೆ ಮಡಿಚುವುದು ಶುರುವಾಗುತ್ತದೆ, ಮನಸ್ಸು ಅರ್ಧ ಅಲ್ಲಿ ಅರ್ಧ ಇಲ್ಲಿ. ಆನ್‌ಲೈನ್‌ನಲ್ಲಿ ಆರಂಭಿಸಿ, ಸಾಧ್ಯವಾದ ಮೊದಲ ವಾರವೇ ಕೋಣೆಗೆ ಹೋಗಿ.

ಮನೆಯವರಿಗೆ ಅಲ್-ಅನಾನ್ ಇದೆ, 1951ರಲ್ಲಿ ಎಎ ಸದಸ್ಯರ ಹೆಂಡತಿಯರು ಕಟ್ಟಿದ ಪ್ರತ್ಯೇಕ ಸಂಸ್ಥೆ. ನಮ್ಮ ಯಜಮಾನರು ಹೋದರು. ಅಲ್ಲಿ ಕೋಣೆ ತುಂಬ ಕುಡಿಯುವವರ ಹೆಂಡತಿಯರು, ತಾಯಂದಿರು, ಇವರೊಬ್ಬರೇ ಗಂಡಸು. ಮೊದಲ ದಿನ ಬಂದು ಏನೂ ಹೇಳಲಿಲ್ಲ. ಆಮೇಲೆ ರಾಗಿ ಡಬ್ಬದ ಹಿಂದೆ ಕೈಯಾಡಿಸಿ ನೋಡುವುದನ್ನು ನಿಲ್ಲಿಸಿದರು. ನನ್ನ ಮಟ್ಟಿಗೆ ಅಲ್-ಅನಾನ್‌ಗೆ ಅಷ್ಟು ಸಾಕು, ಪೂರ್ತಿ ಅಂಕ.

ಮಲೆನಾಡಿನ ನನ್ನ ತವರಿನ ಕಡೆ ಮದ್ಯವರ್ಜನ ಶಿಬಿರ ಎಂದರೆ ಎಲ್ಲರಿಗೂ ಗೊತ್ತು. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರಿನ ಸಭಾಭವನದಲ್ಲೇ ಎಂಟು ದಿನ ನಡೆಸುತ್ತಾರೆ. ಬಿಟ್ಟವರನ್ನು ಆಮೇಲೆ ನವಜೀವನ ಸಮಿತಿಗೆ ಸೇರಿಸಿಕೊಳ್ಳುತ್ತಾರೆ. ನನ್ನ ಚಿಕ್ಕಪ್ಪನ ಮಗ ಅಲ್ಲಿಯೇ ಬಿಟ್ಟದ್ದು. ಊರಿಗೆ ಊರೇ ಸೇರಿ ಒಬ್ಬ ಗಂಡಸನ್ನು ಹಿಡಿದು ನಿಲ್ಲಿಸುವ ಬಲ ಅದಕ್ಕಿದೆ. ಆದರೆ ಊರಿಗೆಲ್ಲ ಗೊತ್ತಾಗುವುದು ಅವನಿಗೆ ಬಲವಾದರೆ ಹೆಂಗಸಿಗೆ ಆ ಊರಿನಲ್ಲಿ ಮುಂದೆ ಬಾಳುವುದೇ ಕಷ್ಟವಾದೀತು. ಹೆಸರಿಲ್ಲದೆ ಹೋಗಿ ಕೂರಬಹುದಾದ ಎಎ ನಮಗೆ ಹೆಚ್ಚು ಹೊಂದುತ್ತದೆ ಎನ್ನುವುದು ಅದಕ್ಕೇ.

ಕೆಲಸ ಮಾಡುತ್ತದೆಯೇ ಎಂದು ವಿಜ್ಞಾನ ಓದುವ ಮಗಳು ಪುರಾವೆ ಕೇಳಿದಳು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2020ರ ವಿಮರ್ಶೆ 27 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಜನರ ವಿವರಗಳನ್ನು ಒಟ್ಟಿಗೆ ನೋಡಿದೆ. ಕ್ರಮಬದ್ಧವಾಗಿ ಎಎಗೆ ಜೋಡಿಸುವ ಚಿಕಿತ್ಸೆ, ಕುಡಿತವನ್ನು ಪೂರ್ತಿ ಬಿಟ್ಟು ಉಳಿಯುವ ವಿಷಯದಲ್ಲಿ, ಮನೋಚಿಕಿತ್ಸೆಯಂಥ ಇತರ ಕ್ರಮಗಳಿಗಿಂತ ಹೆಚ್ಚು ಫಲ ಕೊಟ್ಟಿದೆ ಎಂಬುದು ಅದರ ನಿರ್ಣಯ. ಅವಳು ಓದಿ, ಹಾಗಾದರೆ ಮಂಗಳವಾರ ನೀನು ಹೋಗು, ಅನ್ನ ನಾನು ಮಾಡುತ್ತೇನೆ ಎಂದಳು.

ಒಂದು ಅಂಕ ಕಡಿಮೆ ಕೊಡುತ್ತೇನೆ, ಐದರಲ್ಲಿ ನಾಲ್ಕು. ಕಾರಣ ಹೊತ್ತು. ಹೆಚ್ಚಿನ ಮೀಟಿಂಗ್‌ಗಳು ಸಂಜೆ ಏಳರ ಮೇಲೆ. ಅದು ಕೆಲಸ ಮುಗಿಸಿ ಬರುವ ಗಂಡಸರ ಹೊತ್ತು, ಮನೆಯಲ್ಲಿ ಒಲೆ ಹಚ್ಚುವ ಹೊತ್ತು. ಮುಗಿಸಿ ಬಸ್ಸು ಹಿಡಿದು ಮನೆ ಸೇರುವಾಗ ಒಂಬತ್ತೂವರೆ. ಮಕ್ಕಳು ಶಾಲೆಯಲ್ಲಿರುವ ಮಧ್ಯಾಹ್ನದಲ್ಲಿ, ಕನ್ನಡದಲ್ಲಿ, ಹೆಂಗಸರಿಗಾಗಿ ಒಂದು ಮೀಟಿಂಗ್ ಇದ್ದರೆ ಬರುವವರು ಬಹಳ ಇದ್ದಾರೆ. ಎಎಯಲ್ಲಿ ಇದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಕುಡಿತ ಬಿಡಬೇಕೆನ್ನುವ ಇಬ್ಬರು ಮೂವರು ಸೇರಿದರೆ ಅದೇ ಗುಂಪು. ನಾನು, ಆ ಅಕ್ಕ, ಇನ್ನೊಬ್ಬ ನರ್ಸ್ ಸೇರಿ ಶನಿವಾರ ಮಧ್ಯಾಹ್ನಕ್ಕೆ ಕೋಣೆ ಹುಡುಕುತ್ತಿದ್ದೇವೆ. ಬಾಗಿಲಿಗೆ ಒಳಗಿನಿಂದ ಚಿಲಕ, ಹತ್ತಿರದಲ್ಲಿ ಶೌಚಾಲಯ, ಬಸ್ ನಿಲ್ದಾಣದಿಂದ ನಡೆದು ಬರುವಷ್ಟು ದೂರ, ಇಷ್ಟಿದ್ದರೆ ಸಾಕು. ಸಹಾಯವಾಣಿಗೆ ಫೋನ್ ಮಾಡಿ ಕನ್ನಡದ ಮಹಿಳಾ ಸದಸ್ಯೆಯರ ಜೊತೆ ಮಾತನಾಡಬೇಕು ಎಂದು ಹೇಳಿ. ಆ ಮಾತು ನಮ್ಮ ತನಕ ಬರುತ್ತದೆ.